ದಮಾಸ್ಕಸ್ಸಿನ ಇಫ್ತಾರ್, ಹೊನ್ನಾವರದ ಮಜ್ಜಿಗೆ

ಹೊಸದುರ್ಗ ತಾಲೂಕಿನ ಶ್ರೀರಾಂಪುರದಲ್ಲಿ ಒಂದು ರಂಜಾನ್ ಸಂಜೆ. ಮಸೀದಿಯ ಜಗಲಿಯ ಮೇಲೆ ಚಾಪೆ ಹಾಸಿತ್ತು. ತಟ್ಟೆಗಳಲ್ಲಿ ಖರ್ಜೂರ, ಕಲ್ಲಂಗಡಿ ಹೋಳು, ಸಮೋಸ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ರೋಜಾ ಬಿಡುವ ಹೊತ್ತಿಗೆ ನಮ್ಮೊಡನೆ ಕೂರಲು ಬಂದಿದ್ದ ಹಿರಿಯ ರೈತರೊಬ್ಬರು, "ಇವೆಲ್ಲ ನಿಮ್ಮ ಅರಬರ ಕಡೆ ತಿಂಡಿ ಅಲ್ವಾ ಸಾಬ್ರೇ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುವವರೂ ಇದ್ದಾರೆ. ನಮ್ಮ ತಟ್ಟೆಯನ್ನು ನೋಡಿ ನಾವು ಯಾವ ನಾಡಿನವರೆಂದು ತೀರ್ಮಾನಿಸಿಬಿಡುವ ದನಿ ಅದು. "ಮಂಡಕ್ಕಿ, ಬಜ್ಜಿ ನಮ್ಮೂರಿನವೇ ಯಜಮಾನ್ರೇ" ಎಂದು ನಕ್ಕು ಅಂದು ಸುಮ್ಮನಾದೆವು.

ಮನೆಗೆ ಬಂದ ಮೇಲೆ ಆ ಉತ್ತರ ನಮಗೇ ಸಾಲದೆನಿಸಿತು. ಆಗ ನೆನಪಾದವನು ಇಬ್ನ್ ಬತೂತ. ಶಾಮ್ ದೇಶದ ಊಟವನ್ನೂ ಕನ್ನಡ ಕರಾವಳಿಯ ಊಟವನ್ನೂ ಉಂಡು, ಎರಡರ ಬಗೆಗೂ ಹೇಳಿಹೋದ ಪ್ರವಾಸಿ ಅವನು. ಶಾಮ್ ಎಂದರೆ ಇಂದಿನ ಸಿರಿಯಾ ಮಾತ್ರವಲ್ಲ, ಲೆಬನಾನ್, ಫೆಲೆಸ್ತೀನ್, ಜೋರ್ಡಾನ್‌ಗಳೂ ಸೇರಿದ ವಿಶಾಲ ಸೀಮೆ.

ಮೊರೊಕ್ಕೋದ ತಂಜೀರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ 1325ರಲ್ಲಿ ಹಜ್ಜಿಗೆಂದು ಮನೆ ಬಿಟ್ಟ. ಮರುವರ್ಷ, ಅಂದರೆ ಹಿಜರಿ 726ರ ರಂಜಾನಿನಲ್ಲಿ ದಮಾಸ್ಕಸ್ ತಲುಪಿದ. ದಶಕಗಳ ನಂತರ ಊರಿಗೆ ಮರಳಿ ತನ್ನ ಪ್ರವಾಸವನ್ನು ನೆನಪಿನಿಂದ ಹೇಳಿ ಬರೆಸಿದ. ಹಾಗಾಗಿ ಅದರ ಪ್ರತಿ ಮಾತನ್ನೂ ಇತಿಹಾಸಕಾರರು ಒರೆಗೆ ಹಚ್ಚಿಯೇ ಸ್ವೀಕರಿಸುತ್ತಾರೆ. ಆದರೂ ಊಟದ ವಿವರಗಳಲ್ಲಿ ಕಣ್ಣಾರೆ ಕಂಡವನ ಸಣ್ಣ ಸಣ್ಣ ಗುರುತುಗಳಿವೆ.

ದಮಾಸ್ಕಸ್ಸಿನಲ್ಲಿ ಅವನ ಮನಸ್ಸನ್ನು ತಟ್ಟಿದ್ದು ಭಕ್ಷ್ಯಗಳಿಗಿಂತ ಹೆಚ್ಚಾಗಿ ಉಣ್ಣುವ ರೀತಿ. ರಂಜಾನಿನ ರಾತ್ರಿಗಳಲ್ಲಿ ಆ ಊರಿನಲ್ಲಿ ಯಾರೂ ಒಂಟಿಯಾಗಿ ರೋಜಾ ಬಿಡುತ್ತಿರಲಿಲ್ಲವಂತೆ. ಅಮೀರರು, ಖಾಜಿಗಳು, ವ್ಯಾಪಾರಿಗಳು ಗೆಳೆಯರನ್ನೂ ಫಕೀರರನ್ನೂ ಮನೆಗೆ ಕರೆಯುತ್ತಿದ್ದರು. ಬಡವರು ತಮ್ಮಲ್ಲೇ ಒಬ್ಬರ ಮನೆಯಲ್ಲೋ ಮಸೀದಿಯಲ್ಲೋ ಸೇರಿ, ತಂತಮ್ಮಲ್ಲಿದ್ದುದನ್ನು ತಂದು ಹಂಚಿಕೊಂಡು ಉಣ್ಣುತ್ತಿದ್ದರು. ಅದೇ ಊರಿನ ಬೀದಿಯಲ್ಲಿ ಅವನು ಕಂಡ ಇನ್ನೊಂದು ಘಟನೆ: ಗುಲಾಮ ಹುಡುಗನೊಬ್ಬನ ಕೈಯಿಂದ ಚೀನಿ ಪಿಂಗಾಣಿಯ ತಟ್ಟೆ ಜಾರಿ ಒಡೆಯಿತು. ಜನ ಸೇರಿದರು. ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಬಳಿಗೆ ಹೋಗೆಂದು ಒಬ್ಬರು ಹೇಳಿದರು. ಹುಡುಗ ಚೂರುಗಳನ್ನು ತೋರಿಸಿ ಹೊಸ ತಟ್ಟೆಯ ಹಣ ಪಡೆದ. ಒಡೆಯನ ಏಟಿನಿಂದ ಹುಡುಗನನ್ನು ಉಳಿಸುವುದಕ್ಕೂ ಒಂದು ವಕ್ಫ್! ಇಂದು ನಾವು ವಕ್ಫ್ ಎಂದರೆ ಜಮೀನು, ಪಹಣಿ, ವ್ಯಾಜ್ಯ ಎಂದಷ್ಟೇ ಕೇಳುತ್ತಿದ್ದೇವೆ.

ಭಕ್ಷ್ಯಗಳನ್ನೂ ಅವನು ಬಿಟ್ಟಿಲ್ಲ. ಈಗ ಲೆಬನಾನಿಗೆ ಸೇರಿದ ಬಾಲಬೆಕ್‌ನಲ್ಲಿ ದ್ರಾಕ್ಷಿರಸವನ್ನು ಕಾಯಿಸಿ ಮಾಡುವ 'ದಿಬ್ಸ್' ಎಂಬ ಪಾಕ, ಅದಕ್ಕೆ ಪಿಸ್ತಾ, ಬಾದಾಮಿ ಸೇರಿಸಿದ ಸಿಹಿ. ಮಅರ್ರಾ ಊರಿನಿಂದ ಈಜಿಪ್ಟಿನವರೆಗೆ ಹೋಗುತ್ತಿದ್ದ ಅಂಜೂರ, ಪಿಸ್ತಾ ಇವನ್ನೆಲ್ಲ ವರ್ಣಿಸಿದ್ದಾನೆ. ನಮ್ಮಲ್ಲಿ ಕಬ್ಬಿನ ಆಲೆಮನೆಯ ಜೋನಿಬೆಲ್ಲ ಹೇಗೋ ಅವರಲ್ಲಿ ದಿಬ್ಸ್ ಹಾಗೆ. ಶಾಮಿನ ಅಡುಗೆ ಅವನ ಕಾಲಕ್ಕಾಗಲೇ ಪಳಗಿದ ವಿದ್ಯೆಯಾಗಿತ್ತು. 13ನೇ ಶತಮಾನದಲ್ಲಿ ಅಲೆಪ್ಪೋದ ಪರಿಸರದಲ್ಲಿ ರಚಿತವಾದ 'ಕಿತಾಬುಲ್ ವುಸ್ಲ' ಎಂಬ ಅಡುಗೆ ಗ್ರಂಥದಲ್ಲಿ ನೂರಾರು ಪಾಕಗಳಿವೆ. ಅದು ಆರಂಭವಾಗುವುದು ಸುಗಂಧದ್ರವ್ಯಗಳಿಂದ. ಉಪ್ಪಿನಕಾಯಿಗಳಿಗೂ, ಉಂಡ ಮೇಲೆ ಕೈ ತೊಳೆಯುವ ಪುಡಿಗಳಿಗೂ ಅದರಲ್ಲಿ ಅಧ್ಯಾಯಗಳಿವೆ.

ಸಿರಿಯಾದ ಮನೆಯಡುಗೆ ನಮಗೆ ತೀರ ಅಪರಿಚಿತವೇನಲ್ಲ. ಅಲ್ಲಿಯ 'ಬುರ್ಗುಲ್' ಎಂದರೆ ಗೋಧಿಯನ್ನು ಬೇಯಿಸಿ, ಬಿಸಿಲಿಗೆ ಒಣಗಿಸಿ, ನುಚ್ಚು ಮಾಡಿದ್ದು; ಭತ್ತವನ್ನು ಬೇಯಿಸಿ ಕುಸುಬಲಕ್ಕಿ ಮಾಡುವ ನಮ್ಮ ಜಾಣ್ಮೆಯೇ ಅದು. ಆ ನುಚ್ಚಿನೊಡನೆ ಮಾಂಸವನ್ನು ಕಲ್ಲಿನ ಒರಳಿನಲ್ಲಿ ಕುಟ್ಟಿ ಮಾಡುವುದು 'ಕಿಬ್ಬೆ'. ಬೇಸಿಗೆಯಲ್ಲಿ ತರಕಾರಿ ಒಣಗಿಸಿ, ಹಣ್ಣಿನ ಪಾಕ ಕಾಯಿಸಿ, ಉಪ್ಪಿನಕಾಯಿ ಹಾಕಿ ಚಳಿಗಾಲಕ್ಕೆ ಕೂಡಿಡುವುದಕ್ಕೆ 'ಮೂನೆ' ಎನ್ನುತ್ತಾರೆ. ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಮಾಡಿಡುವ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾಳಿಂಬೆ ರಸವನ್ನು ಬತ್ತಿಸಿ ಹುಳಿಗೆ ಬಳಸುವ ರೂಢಿಯಂತೂ ದಾಳಿಂಬೆ ಬೆಳೆಯುವ ನಮ್ಮ ಹೊಸದುರ್ಗದವರು ಕಲಿಯಬೇಕಾದದ್ದು.

ಇನ್ನು ನಮ್ಮ ಕರಾವಳಿಗೆ ಬರೋಣ. 1342ರಲ್ಲಿ ದಿಲ್ಲಿ ಬಿಟ್ಟ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಅಲ್ಲಿ ಆಗ ಜಮಾಲುದ್ದೀನ್ ಎಂಬ ಸುಲ್ತಾನನಿದ್ದ. ಇವನು ಹರಿಯಬ್ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದನೆಂದು ಪ್ರವಾಸಿ ಹೇಳುತ್ತಾನೆ. ವಿಜಯನಗರದ ಒಂದನೆಯ ಹರಿಹರನೇ ಈ ಹರಿಯಬ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಮದ್ರಸಾಗಳಿದ್ದವು. ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರು.

ಈ ಸುಲ್ತಾನನ ಊಟ ಹೇಗಿತ್ತು? ತಾಮ್ರದ ಮೇಜಿನ ಮೇಲೆ 'ತಾಲಮ್' ಎಂಬ ತಾಮ್ರದ ಹರಿವಾಣ. ಮೊದಲು ಒಂದು ಸೌಟು ಅನ್ನ, ಅದರ ಮೇಲೆ ತುಪ್ಪ, ಬದಿಗೆ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಬಗೆಬಗೆಯ ಮೀನು. ಆಮೇಲೆ ತುಪ್ಪದಲ್ಲಿ ಬೆಂದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ. ಮೇಲೆ ಕುಡಿಯಲು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಆಗದು. ಕೋಳಿ, ಮೀನುಗಳನ್ನು ಬದಿಗಿಟ್ಟರೆ ಇದು ನಮ್ಮ ಯಾವುದೇ ಮದುವೆಯ ಪಂಕ್ತಿಯ ಕ್ರಮವಲ್ಲವೇ? ಮಜ್ಜಿಗೆ ಬಡಿಸಿದ ಮೇಲೆ ಏಳುವವರು ನಾವೆಲ್ಲರೂ. ಸುಮಾರು 680 ವರ್ಷಗಳ ಹಿಂದೆಯೇ ಹೊನ್ನಾವರದ ಮುಸ್ಲಿಂ ಸುಲ್ತಾನ ಈ ನೆಲದ ಊಟವನ್ನೇ ಉಣ್ಣುತ್ತಿದ್ದ.

ಈ ಊಟ ಪರಕೀಯವೆನಿಸಿದ್ದು ಯಾರಿಗೆ ಗೊತ್ತೇ? ಅರಬಿ ಮಾತಾಡುವ ಅತಿಥಿಗೆ. ಮತ್ತೊಮ್ಮೆ ಬಂದು ಇದೇ ಸುಲ್ತಾನನ ಬಳಿ 11 ತಿಂಗಳಿದ್ದ ಇಬ್ನ್ ಬತೂತನಿಗೆ ರೊಟ್ಟಿಯ ಮುಖ ಕಾಣಲಿಲ್ಲ. ಮಲಬಾರು, ಮಾಲ್ದೀವ್, ಸಿಲೋನುಗಳನ್ನೂ ಸೇರಿಸಿದರೆ ಮೂರು ವರ್ಷ ಬರೀ ಅನ್ನ. ಕೊನೆಕೊನೆಗೆ ನೀರು ಕುಡಿಯದೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದು ಹೇಳಿಕೊಂಡಿದ್ದಾನೆ. ದೀನು ಒಂದೇ ಆದ ಮಾತ್ರಕ್ಕೆ ನಾಲಿಗೆ ಒಂದೇ ಆಗುವುದಿಲ್ಲ.

ಹಾಗಾದರೆ ಆ ಸಂಜೆಯ ತಟ್ಟೆಯಲ್ಲಿ ಯಾವುದು ಎಲ್ಲಿಯದು? ಸಮೋಸ ಪರ್ಷಿಯಾ ಅರಬ್ ನಾಡುಗಳಿಂದ ಬಂದದ್ದು ನಿಜ. ದಿಲ್ಲಿಯ ತುಘಲಕ್ ಆಸ್ಥಾನದಲ್ಲಿ ಮಾಂಸ, ಬಾದಾಮಿ ತುಂಬಿ ತುಪ್ಪದಲ್ಲಿ ಕರಿದ ಅದನ್ನು ಇಬ್ನ್ ಬತೂತನೇ ತಿಂದಿದ್ದಾನೆ. ಆದರೆ ನಾವು 'ನಮ್ಮೂರಿನದು' ಎಂದ ಬಜ್ಜಿ? ಅದರ ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದದ್ದು. ಅದೇ ಗಿಡ ಅಲೆಪ್ಪೋಗೂ ಹೋಗಿ, ನಮ್ಮ ಬ್ಯಾಡಗಿಯ ಹಾಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾಯಿತು. ಇನ್ನು ಬಜ್ಜಿಯ ಕಡಲೆಹಿಟ್ಟು! ಕಡಲೆಯನ್ನು ಮನುಷ್ಯರು ಮೊದಲು ಬೆಳೆದದ್ದು ಆಗ್ನೇಯ ತುರ್ಕಿ ಮತ್ತು ಉತ್ತರ ಸಿರಿಯಾದ ಆಸುಪಾಸಿನಲ್ಲಿ. ಅಲ್ಲಿ ಎಳ್ಳಿನೊಡನೆ ಅರೆದು ಹುಮ್ಮುಸ್ ಮಾಡುವ ಅದೇ ಕಾಳನ್ನು ನಮ್ಮ ಚಿತ್ರದುರ್ಗದ ರೈತರು ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತುತ್ತಾರೆ. ಅದು ಬಂದು ಸಾವಿರಾರು ವರ್ಷಗಳಾದವು. ಅದನ್ನು ಪರದೇಶಿ ಎನ್ನುವವರು ಯಾರಿದ್ದಾರೆ?

ಆ ಕಡಲೆಯ ತವರಿಗೆ ಒದಗಿದ ಗತಿಯನ್ನೂ ಹೇಳಬೇಕು. 2011ರಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ ಸಿರಿಯಾದ ಅರ್ಧಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. 2012ರಲ್ಲಿ ಅಲೆಪ್ಪೋದ ಹಳೆಯ ಮಾರುಕಟ್ಟೆ ಬೆಂಕಿಗೆ ಆಹುತಿಯಾಯಿತು. ಆ ನಗರದ ಬಳಿಯ ತೆಲ್ ಹದ್ಯಾದಲ್ಲಿ 1977ರಿಂದ ಇದ್ದ ಇಕಾರ್ಡಾ ಎಂಬ ಒಣಭೂಮಿ ಕೃಷಿ ಸಂಶೋಧನಾ ಕೇಂದ್ರ ಕಡಲೆ, ಮಸೂರ, ಗೋಧಿ, ಬಾರ್ಲಿಗಳ ಅಪಾರ ಬೀಜಸಂಗ್ರಹವನ್ನು ಕಾಪಾಡಿಕೊಂಡಿತ್ತು. ಯುದ್ಧದಿಂದಾಗಿ ಅದು ಅಲ್ಲಿಂದ ಕದಲಬೇಕಾಯಿತು. ಪುಣ್ಯಕ್ಕೆ ಆ ಬೀಜಗಳ ಪ್ರತಿಗಳನ್ನು ಮೊದಲೇ ನಾರ್ವೆಯ ಸ್ವಾಲ್ಬಾರ್ಡಿನ ಹಿಮದ ಉಗ್ರಾಣಕ್ಕೆ ಕಳಿಸಿದ್ದರು. 2015ರಲ್ಲಿ ಅವನ್ನು ಮರಳಿ ಪಡೆದು ಲೆಬನಾನ್ ಮತ್ತು ಮೊರೊಕ್ಕೋದಲ್ಲಿ ಬಿತ್ತಿ ಬೆಳೆಸಿದರು. 2017ರಲ್ಲಿ ಹೊಸ ಬೀಜಗಳನ್ನು ಮತ್ತೆ ಉಗ್ರಾಣಕ್ಕೆ ಒಪ್ಪಿಸಿದರು. ಆ ಉಗ್ರಾಣದಿಂದ ಬೀಜ ಹಿಂಪಡೆದದ್ದು ಅದೇ ಮೊದಲು. 2024ರ ಡಿಸೆಂಬರಿನಲ್ಲಿ ಅಸದ್ ಆಡಳಿತ ಉರುಳಿದ ಮೇಲೆ ಹೊರಗಿದ್ದ ಸಿರಿಯನ್ನರಲ್ಲಿ ಅನೇಕರು ಊರಿಗೆ ಮರಳಿದ್ದಾರೆ. ಅವರ ಒಲೆಗಳು ಮತ್ತೆ ಹೊತ್ತಲಿ ಎಂಬುದು ನಮ್ಮ ದುಆ.

ಆ ಯಜಮಾನರನ್ನು ಬರುವ ರಂಜಾನಿಗೂ ಕರೆಯುತ್ತೇವೆ. ಬಜ್ಜಿ ನಮ್ಮೂರಿನದೆಂದು ಅಂದು ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಅದರ ಹಿಟ್ಟು ಶಾಮಿನ ಕಡೆಯದು, ಕಾಯಿ ಕಡಲಾಚೆಯದು, ಬೆಳೆದವರು ನೀವು, ಕರಿದವರು ನಾವು ಎನ್ನಬೇಕು. ದಮಾಸ್ಕಸ್ಸಿನವರ ಹಾಗೆ ನಾವೂ ಅಂದು ಒಂಟಿಯಾಗಿ ರೋಜಾ ಬಿಡಲಿಲ್ಲ, ಅವರೂ ಜೊತೆಗೆ ಕೂತಿದ್ದರು. ಆ ಸಂಜೆ ನಮಗೆ ಉಳಿದ ನೆನಪು ಅದೇ.