ಎಣಿಕೆಗೆ ಸಿಗದ ವಿದ್ಯಾರ್ಥಿ: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಉನ್ನತ ಶಿಕ್ಷಣ ಯೋಜನೆಯ ಚರಿತ್ರೆ

ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕ್ರಿ.ಶ. 1058ರ ಒಂದು ಶಾಸನವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ದಂಡನಾಯಕ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿದ ವ್ಯವಸ್ಥೆಯನ್ನು ಅದು ದಾಖಲಿಸುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ 50ರಷ್ಟು ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರು. ಇವರೆಲ್ಲರ ಜೀವನಕ್ಕೆ ಭೂದತ್ತಿ. ಎಷ್ಟು ಮಂದಿ ಕಲಿಯಬೇಕು, ಯಾರು ಕಲಿಸಬೇಕು, ವೆಚ್ಚ ಎಲ್ಲಿಂದ ಬರಬೇಕು ಎಂಬ ಮೂರು ಪ್ರಶ್ನೆಗಳಿಗೂ ಒಂದೇ ಕಲ್ಲಿನಲ್ಲಿ ಉತ್ತರವಿದೆ. ಇಂದಿನ ವಿಶ್ವವಿದ್ಯಾಲಯಗಳು ಪಂಚವಾರ್ಷಿಕ ಯೋಜನೆಗಳಲ್ಲಿ ಕೇಳಿಕೊಳ್ಳುವುದೂ ಇವೇ ಪ್ರಶ್ನೆಗಳನ್ನು.

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳು ಆ ಕಲ್ಯಾಣದ ನೆರೆಯ ಸೀಮೆಗಳು. ನಿಲಂಗಾದ ನೀಲಕಂಠೇಶ್ವರ ದೇವಾಲಯ, ಉಮರ್ಗಾದ ಪ್ರಾಚೀನ ಶಿವಾಲಯಗಳನ್ನು ಕಂಡವರಿಗೆ ಈ ನೆರೆತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ಕನ್ನಡ, ಅಂಗಡಿಯ ಲೆಕ್ಕ ಮರಾಠಿ, ಪೆಟ್ಟಿಗೆಯಲ್ಲಿರುವ ಹಳೆಯ ಹೊಲದ ಕಾಗದ ಉರ್ದು. ಈ ಸೀಮೆಯ ವಿದ್ಯಾರ್ಥಿಯನ್ನು ನೂರು ವರ್ಷಗಳಲ್ಲಿ ಉನ್ನತ ಶಿಕ್ಷಣದ ಯೋಜನೆಗಳು ಹೇಗೆ ಎಣಿಸಿದವು, ಆ ಎಣಿಕೆ ಅಧ್ಯಾಪಕರ ನೇಮಕಾತಿಯನ್ನು ಹೇಗೆ ನಿರ್ಧರಿಸಿತು, ಅದರಲ್ಲಿ ಕನ್ನಡಕ್ಕೆ ಸ್ಥಾನ ಏಕೆ ದೊರೆಯಲಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಉಸ್ಮಾನಿಯಾ: ಅಧ್ಯಾಪಕರು ಮೊದಲು, ವಿದ್ಯಾರ್ಥಿಗಳು ಅನಂತರ

ನಿಜಾಮರ ಕಾಲದಲ್ಲಿ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು. ಹೈದರಾಬಾದ್ ಸಂಸ್ಥಾನದ ಉನ್ನತ ಶಿಕ್ಷಣಕ್ಕೆ ರೂಪ ಕೊಟ್ಟದ್ದು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಉರ್ದುವನ್ನು ಬೋಧನಾ ಮಾಧ್ಯಮವಾಗಿ ಸ್ವೀಕರಿಸಿದ ಈ ಸಂಸ್ಥೆ ತರಗತಿಗಳನ್ನು ತೆರೆಯುವ ಮೊದಲೇ ಅನುವಾದ ವಿಭಾಗವೊಂದನ್ನು ಕಟ್ಟಿ ಪಠ್ಯಗಳ ಸಿದ್ಧತೆಯನ್ನು ಆರಂಭಿಸಿತು. 1919ರಲ್ಲಿ ಪ್ರವೇಶ ಪ್ರಾರಂಭವಾದಾಗ ವಿದ್ಯಾರ್ಥಿಗಳು 225, ಅಧ್ಯಾಪಕರು 25. ಒಂಬತ್ತು ಮಂದಿಗೆ ಒಬ್ಬ ಅಧ್ಯಾಪಕ ಎಂಬ ಈ ಪ್ರಮಾಣ ಇಂದಿನ ಯಾವ ತಾಲ್ಲೂಕು ಕಾಲೇಜಿಗೂ ಕನಸಿನ ಮಾತು. ಉನ್ನತ ಶಿಕ್ಷಣದ ಭಾಷೆಯಾಗಿ ಅದುವರೆಗೆ ವ್ಯಾಪಕ ಬಳಕೆಯಲ್ಲಿರದ ಒಂದು ದೇಶಭಾಷೆಯನ್ನು ಆ ಸ್ಥಾನಕ್ಕೆ ಏರಿಸುವಾಗ ಪ್ರಭುತ್ವವು ವಿದ್ಯಾರ್ಥಿಗಳ ಸಂಖ್ಯೆ ಕೂಡಿಬರಲೆಂದು ಕಾಯಲಿಲ್ಲ ಎಂಬ ಅಂಶವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಆ ಔದಾರ್ಯ ಸಂಸ್ಥಾನದ ಉಳಿದ ಭಾಷೆಗಳಿಗೆ ದೊರೆಯಲಿಲ್ಲ. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಪಂಕ್ತಿಯಲ್ಲಿ ಹೊರಗೆ ನಿಂತವು. 1907ರಲ್ಲಿ ಆರಂಭವಾದ ಕಲಬುರಗಿಯ ನೂತನ ವಿದ್ಯಾಲಯದಂತಹ ಖಾಸಗಿ ಸಂಸ್ಥೆಗಳು ದೇಶಭಾಷೆಗಳ ವಿದ್ಯಾರ್ಥಿಗಳಿಗೆ ಆಸರೆಯಾದವು. ಉದಗೀರದ ಮಗ್ಗುಲಲ್ಲೇ ಇರುವ ಕಮಲನಗರದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಕನ್ನಡ ಶಿಕ್ಷಣಕ್ಕಾಗಿ ದುಡಿದರು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂದು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಸರಕಾರದ ಲೆಕ್ಕದಲ್ಲಿ ಉರ್ದು ಕಲಿಯುವವನೆಂದು ದಾಖಲಾದ ಹುಡುಗ ಒಳಗೆ ಓದುತ್ತಿದ್ದದ್ದು ಕನ್ನಡ. ಎಣಿಕೆಗೂ ವಾಸ್ತವಕ್ಕೂ ನಡುವಿನ ಅಂತರದ ಮೊದಲ ಪಾಠ ಈ ಫಲಕದಲ್ಲಿದೆ.

2. ಒಂದು ಜಿಲ್ಲೆ, ಮೂರು ರಾಜ್ಯ

ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಬೀದರ ಜಿಲ್ಲೆಯನ್ನು ಉಳಿಕೆಯ ಹೈದರಾಬಾದ್ ರಾಜ್ಯದಲ್ಲಿಯೇ ಇರಿಸಲು ಸೂಚಿಸಿತ್ತು. 1956ರ ಅಧಿನಿಯಮವು ಬೇರೆ ದಾರಿ ಹಿಡಿಯಿತು. ಅಹ್ಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಮತ್ತು ನಾರಾಯಣಖೇಡ ಭಾಗಗಳು ಆಂಧ್ರಪ್ರದೇಶಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿದವು. 1956ರ ನವೆಂಬರ್ 1ರಂದು ಒಂದು ಜಿಲ್ಲೆಯ ವಿದ್ಯಾರ್ಥಿಗಳು ಮೂರು ರಾಜ್ಯಗಳ ಅಂಕಿಅಂಶಗಳಾದರು. ಬೀದರ, ಭಾಲ್ಕಿಗಳ ವಿದ್ಯಾರ್ಥಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದ. ಉದಗೀರದ ವಿದ್ಯಾರ್ಥಿ 1958ರ ಆಗಸ್ಟ್ 23ರಂದು ಔರಂಗಾಬಾದಿನಲ್ಲಿ ಉದಯಿಸಿದ ಮರಾಠವಾಡಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದ.

ಈ ಹೊಸ ವಿಶ್ವವಿದ್ಯಾಲಯದಿಂದ ಸೀಮೆಗೆ ಆದ ಲಾಭವನ್ನು ಮರೆಮಾಚುವುದು ನ್ಯಾಯವಲ್ಲ. 1923ರಲ್ಲಿ ಔರಂಗಾಬಾದಿನಲ್ಲಿ ಸರಕಾರಿ ಕಾಲೇಜು ಆರಂಭವಾಗಿತ್ತು, 1950ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರ ಪೀಪಲ್ಸ್ ಎಜ್ಯುಕೇಶನ್ ಸೊಸೈಟಿ ಅಲ್ಲಿಯೇ ಕಾಲೇಜು ತೆರೆದಿತ್ತು. 1958ರ ಬಳಿಕ ಕಾಲೇಜು ತಾಲ್ಲೂಕಿನ ಊರಿಗೆ ಇಳಿಯಿತು. 1962ರಲ್ಲಿ ಉದಗೀರದಲ್ಲಿ ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯ ಸ್ಥಾಪನೆಯಾಯಿತು. ಮುಂದೆ ನಿಲಂಗಾ, ಉಮರ್ಗಾಗಳಲ್ಲಿಯೂ ಕಾಲೇಜುಗಳಾದವು. ಹೈದರಾಬಾದಿನವರೆಗೆ ಮಕ್ಕಳನ್ನು ಕಳಿಸಲಾಗದ ರೈತ ಕುಟುಂಬಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಇದು ಬಾಗಿಲು ತೆರೆದಂತಾಯಿತು. ನಿಜಾಮರ ಆಳ್ವಿಕೆಯಲ್ಲಿ ಕಡೆಗಣನೆಗೆ ಒಳಗಾಗಿದ್ದ ಮರಾಠಿಗೆ ತನ್ನದೇ ವಿಶ್ವವಿದ್ಯಾಲಯ ದೊರೆತದ್ದು ಐತಿಹಾಸಿಕ ನ್ಯಾಯವೇ ಸರಿ. ಆದರೆ ಅದೇ ಪಂಕ್ತಿಯಲ್ಲಿ ಹೊರಗೆ ನಿಂತಿದ್ದ ಈ ಸೀಮೆಯ ಕನ್ನಡಕ್ಕೆ ಮಾತ್ರ ಫಲಕ ಬದಲಾಯಿತು.

3. ಹತ್ತು, ನಲವತ್ತು ಮತ್ತು ಹದಿನಾರು

ಭಾಷಾ ಅಲ್ಪಸಂಖ್ಯಾತರ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ಒಂದು ಪ್ರಸಿದ್ಧ ಸೂತ್ರವಿದೆ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕೆಂದು 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ವಿಧಿಸುತ್ತದೆ. ಈ ರಕ್ಷಣೆಗಳು ಕಾಲೇಜಿನ ಹೊಸ್ತಿಲನ್ನು ದಾಟುವುದಿಲ್ಲ.

ಕಾಲೇಜಿನಲ್ಲಿ ನಡೆಯುವುದು ಇನ್ನೊಂದು ಲೆಕ್ಕ. ಒಂದು ವಿಷಯಕ್ಕೆ ವಿದ್ಯಾರ್ಥಿಗಳು ಹೆಸರು ಹಚ್ಚಿದರೆ ವಾರದ ಪಾಠಗಳು ನಿಗದಿಯಾಗುತ್ತವೆ. ಪಾಠಗಳಿಂದ ಕಾರ್ಯಭಾರ, ಕಾರ್ಯಭಾರದಿಂದ ಹುದ್ದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸಿನ ಬೋಧನೆ. ಆ ಭಾರ ತುಂಬಿದ ಮೇಲೆಯೇ ಪೂರ್ಣ ಹುದ್ದೆಯ ಪ್ರಶ್ನೆ. ಅನಂತರ ಮೀಸಲಾತಿಯ ಪರಿಶೀಲನೆ, ಸರಕಾರದ ಅನುಮತಿ, ಜಾಹೀರಾತು, ಸಂದರ್ಶನ. ದೊಡ್ಡ ಭಾಷೆಗೆ ಈ ಸರಪಳಿ ಸಹಜವಾಗಿ ಸಾಗುತ್ತದೆ. ಸಣ್ಣ ಭಾಷೆಗೆ ಇದೇ ವಿಷವರ್ತುಲ: ಅಧ್ಯಾಪಕರಿಲ್ಲದ ವಿಷಯವನ್ನು ವಿದ್ಯಾರ್ಥಿ ಆರಿಸುವುದಿಲ್ಲ, ವಿದ್ಯಾರ್ಥಿ ಆರಿಸದ ವಿಷಯಕ್ಕೆ ಕಾರ್ಯಭಾರವಿಲ್ಲ, ಕಾರ್ಯಭಾರವಿಲ್ಲದಿದ್ದರೆ ಹುದ್ದೆಯಿಲ್ಲ. ಕಾಲೇಜಿನಲ್ಲಿ ಕನ್ನಡವಿಲ್ಲದಿದ್ದರೆ ಗಡಿಯ ಕನ್ನಡ ಶಾಲೆಗೆ ಮುಂದಿನ ತಲೆಮಾರಿನ ಸ್ಥಳೀಯ ಶಿಕ್ಷಕರೂ ಸಿದ್ಧವಾಗುವುದಿಲ್ಲ. ಹೀಗೆ ಮೇಲಿನ ಕೊರತೆ ಕೆಳಗಿನ ರಕ್ಷಣೆಯನ್ನೂ ಟೊಳ್ಳಾಗಿಸುತ್ತದೆ.

ಹೋಲಿಕೆಗೆ ಸೊಲ್ಲಾಪುರ ಜಿಲ್ಲೆಯನ್ನು ನೋಡಬಹುದು. ಅಲ್ಲಿಯ ಸಂಗಮೇಶ್ವರ ಕಾಲೇಜಿನಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಕನ್ನಡ ಬೋಧನೆ ಬೇರೂರಿತು. ಕನ್ನಡ ಶಾಲೆಗಳ ಸಾಲು ಕಾಲೇಜಿನವರೆಗೆ ಮುರಿಯದೆ ಬಂದದ್ದೇ ಅದಕ್ಕೆ ಮುಖ್ಯ ಕಾರಣ. ಉದಗೀರ, ನಿಲಂಗಾಗಳಲ್ಲಿ ಆ ಸಾಲು ನಡುವೆಯೇ ಕಡಿಯಿತು.

4. ಗಡಿಗಳೊಳಗಿನ ಗಡಿಗಳು

ದಾಖಲಾತಿ ಹೆಚ್ಚಿದಂತೆ ವಿಶ್ವವಿದ್ಯಾಲಯಗಳನ್ನು ವಿಭಜಿಸುವುದು ಆಡಳಿತಕ್ಕೆ ಅನಿವಾರ್ಯ. 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾದಾಗ ನಿಲಂಗಾ, ಉದಗೀರ ಅದಕ್ಕೆ ಸೇರಿದವು. ಉಮರ್ಗಾ ಉಸ್ಮಾನಾಬಾದಿನಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, ಉಳಿಯಿತು. 1994ರಲ್ಲಿ ಔರಂಗಾಬಾದಿನ ವಿಶ್ವವಿದ್ಯಾಲಯಕ್ಕೆ ದೀರ್ಘ ಹೋರಾಟದ ಫಲವಾಗಿ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರು ಬಂದಿತು. ಅದೇ ವರ್ಷ ನಾಂದೇಡಿನಲ್ಲಿ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯ ಸ್ಥಾಪಿತವಾಗಿ ಲಾತೂರ ಜಿಲ್ಲೆ ಅದರ ವ್ಯಾಪ್ತಿಗೆ ಹೋಯಿತು. 2004ರಲ್ಲಿ ಸೊಲ್ಲಾಪುರ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯವಾಯಿತು. ಪರಿಣಾಮವಾಗಿ ಒಂದಕ್ಕೊಂದು ತಾಗಿಕೊಂಡ ಅಕ್ಕಲಕೋಟೆ, ಉಮರ್ಗಾ, ನಿಲಂಗಾಗಳ ಕನ್ನಡ ವಿದ್ಯಾರ್ಥಿಗಳು ಮೂರು ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋದರು. ಒಟ್ಟಾಗಿದ್ದರೆ ಒಂದು ಹುದ್ದೆಯನ್ನು ತುಂಬಬಲ್ಲ ಸಂಖ್ಯೆ ಮೂರು ಕಡೆಯೂ ನಗಣ್ಯವಾಯಿತು.

2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ 107ನೆಯ ಕಲಮು ಪ್ರತಿ ವಿಶ್ವವಿದ್ಯಾಲಯವೂ ಐದು ವರ್ಷಗಳ ಬೃಹತ್ ಯೋಜನೆ ಸಿದ್ಧಪಡಿಸಬೇಕೆಂದು ವಿಧಿಸುತ್ತದೆ. ಮರಾಠಿಯಲ್ಲಿ ಇದನ್ನು ‘ಬೃಹತ್ ಆರಾಖಡಾ’ ಎನ್ನುತ್ತಾರೆ. ಎಲ್ಲಿ ಹೊಸ ಕಾಲೇಜು ಬೇಕು, ಎಲ್ಲಿ ಹೊಸ ವಿಷಯ ಬೇಕು ಎಂಬ ತೀರ್ಮಾನಕ್ಕೆ ಇದೇ ಆಧಾರ. ಆದರೆ ಇಂತಹ ಯೋಜನೆ ತನ್ನ ವ್ಯಾಪ್ತಿಯ ಜಿಲ್ಲೆಗಳ ಗೆರೆಯನ್ನು ದಾಟಿ ನೋಡುವುದಿಲ್ಲ. ವಿದ್ಯಾರ್ಥಿಯ ಮನೆಮಾತು ಅದರ ಲೆಕ್ಕದ ಏಕಕವೂ ಅಲ್ಲ.

ನೇಮಕಾತಿಯ ಸ್ಥಿತಿ ಇನ್ನೂ ಬಿಗಿ. ಮಹಾರಾಷ್ಟ್ರ ಸರಕಾರ 2018ರಲ್ಲಿ ಅನುದಾನಿತ ಕಾಲೇಜುಗಳ 3,580 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅನುಮತಿ ನೀಡಿತು. ಅವುಗಳಲ್ಲಿ 1,492 ಭರ್ತಿಯಾಗಿ, ಉಳಿದ 2,088ಕ್ಕೆ 2021ರಲ್ಲಿ ಮತ್ತೆ ಅನುಮತಿ ಕೊಡಬೇಕಾಯಿತು. ನಡುವಿನ ಕಂದಕವನ್ನು ತುಂಬುವವರು ತಾಸಿಕಾ ತತ್ತ್ವದ ಮೇಲೆ ದುಡಿಯುವ ಅಧ್ಯಾಪಕರು. ಕರ್ನಾಟಕದಲ್ಲಿ ಅವರನ್ನೇ ಅತಿಥಿ ಉಪನ್ಯಾಸಕರೆನ್ನುತ್ತೇವೆ. ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವವರು ವಿಭಾಗವೊಂದನ್ನು ಕಟ್ಟಲಾರರು. ಅದು ಅವರ ತಪ್ಪೂ ಅಲ್ಲ. ಹುದ್ದೆಗಳು ಸ್ಥಗಿತಗೊಂಡ ಕಾಲದಲ್ಲಿ ಮರಾಠಿ ವಿಭಾಗ ಸೊರಗಬಹುದು. ಒಬ್ಬರೇ ಅಧ್ಯಾಪಕರಿರುವ ಸಣ್ಣ ಭಾಷೆಯ ವಿಭಾಗವಾದರೋ ಅವರ ನಿವೃತ್ತಿಯ ದಿನವೇ ಮುಚ್ಚುತ್ತದೆ.

5. ಆಚೆಯ ದಡ

ಗಡಿಯ ಈಚೆ ಕನ್ನಡಕ್ಕೆ ಕೊರತೆಯಿಲ್ಲ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, 2023ರಲ್ಲಿ ಬೀದರ ವಿಶ್ವವಿದ್ಯಾಲಯ ಬಂದವು. ಉದಗೀರದವನಿಗೆ ನಾಂದೇಡಿಗಿಂತ ಬೀದರವೇ ಹತ್ತಿರ. ಉಮರ್ಗಾದವನಿಗೆ ಔರಂಗಾಬಾದಿನ ಮುಂದೆ ಕಡಗಂಚಿ ನೆರೆಮನೆ.

ಆದರೆ ಇಲ್ಲಿಯೂ ಒಂದು ಪಟ್ಟಿ ಅಡ್ಡ ಬರುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರೆಂದು ಪರಿಗಣಿಸುವ ಮಹಾರಾಷ್ಟ್ರದ ತಾಲ್ಲೂಕುಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಇದು ಗಡಿವಿವಾದದ ಭೂಪಟದಿಂದ ಹುಟ್ಟಿದ ಪಟ್ಟಿ. ವಿವಾದವಾಗದ ಉಮರ್ಗಾ, ನಿಲಂಗಾ, ಉದಗೀರಗಳು ಅದರಲ್ಲಿಲ್ಲ. ಜಗಳವಾಡದ ಸೀಮೆಗೆ ಗಡಿನಾಡೆಂಬ ಹೆಸರೂ ದಕ್ಕಲಿಲ್ಲ. ಇಲ್ಲಿಯ ಕನ್ನಡದ ಹುಡುಗಿ ಮುಂಬಯಿ, ದಿಲ್ಲಿಗಳ ಕನ್ನಡಿಗರಂತೆ ಹೊರನಾಡಿನವಳಾಗಿ ಅರ್ಜಿ ಹಾಕಬೇಕು.

6. ಉಪಸಂಹಾರ

ಈ ಚರಿತ್ರೆಯಿಂದ ಮೂರು ಸೂಚನೆಗಳನ್ನು ಪಡೆಯಬಹುದು. ಮೊದಲನೆಯದು, ಬೃಹತ್ ಯೋಜನೆಯ ಸಮೀಕ್ಷೆಯಲ್ಲಿ ಮನೆಮಾತಿನ ಒಂದು ಅಂಕಣ ಸೇರಬೇಕು. ಎಣಿಸದವರಿಗೆ ಹುದ್ದೆ ದೊರೆಯದು. ಎರಡನೆಯದು, ನೆರೆಯ ಮೂರು ವಿಶ್ವವಿದ್ಯಾಲಯಗಳು ಸೇರಿ ಕನ್ನಡ-ಮರಾಠಿ ತೌಲನಿಕ ಅಧ್ಯಯನಕ್ಕೆ ಒಂದು ಹುದ್ದೆಯನ್ನು ಹಂಚಿಕೊಳ್ಳಬಹುದು. ಕಪಿಲಧಾರದ ಮನ್ಮಥಸ್ವಾಮಿಗಳು ವೀರಶೈವ ತತ್ತ್ವವನ್ನು ಮರಾಠಿಯಲ್ಲಿ ಹಾಡಿದ ಸೀಮೆ ಇದು. ಅವರನ್ನೂ ವಚನಕಾರರನ್ನೂ ಒಟ್ಟಿಗೆ ಓದಬಲ್ಲ ಅಧ್ಯಾಪಕರು ಎರಡೂ ಭಾಷೆಗಳಿಗೆ ಬೇಕು. 2022ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿದ ಉದಗೀರಕ್ಕೆ ಇಂತಹ ಪೀಠ ಪರಕೀಯವಾಗಲಾರದು. ಮೂರನೆಯದು, ಕರ್ನಾಟಕ ತನ್ನ ಪಟ್ಟಿಯನ್ನು ತಿದ್ದಿಕೊಳ್ಳಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 2035ರೊಳಗೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣವನ್ನು ಶೇಕಡಾ 50ಕ್ಕೆ ಏರಿಸುವ ಗುರಿ ಇಟ್ಟಿದೆ. ಆ ಹೆಚ್ಚಳದಲ್ಲಿ ಈ ಮೂರು ತಾಲ್ಲೂಕುಗಳ ಮಕ್ಕಳೂ ಇರುತ್ತಾರೆ. ಅವರು ತರಗತಿಗೆ ಬರುವಾಗ ಮನೆಮಾತನ್ನು ಹೊರಗೆ ಬಿಟ್ಟು ಬರಬೇಕೆ ಎಂಬುದು ಅವರು ಬರುವ ಮೊದಲು ಯಾರನ್ನು ನೇಮಿಸಿದ್ದೇವೆ ಎಂಬುದರ ಮೇಲೆ ನಿಂತಿದೆ. ನಾಗಾವಿಯ ದಂಡನಾಯಕ ಆರು ಭಂಡಾರಿಗರಿಗೆ ಹೊಲ ಬಿಟ್ಟದ್ದು ಅಂದಿನ ಓದುಗರಿಗಾಗಿ ಮಾತ್ರ ಇರಲಾರದು. ಪುಸ್ತಕ ಕಾಯುವ ಕೆಲಸ ಯಾವಾಗಲೂ ಮುಂದೆ ಬರುವವರಿಗಾಗಿಯೇ ನಡೆಯುತ್ತದೆ.