ಮಂಕಡಿಂಗ್

ಬೌಲರ್ ಚೆಂಡು ಎಸೆಯುವ ಮೊದಲೇ ನಾನ್‌ಸ್ಟ್ರೈಕರ್ ಕ್ರೀಸ್ ಬಿಟ್ಟರೆ, ಬೌಲರ್ ಅಲ್ಲಿಯೇ ಬೇಲ್ಸ್ ಉರುಳಿಸಿ ರನೌಟ್ ಮಾಡಬಹುದು. ಇದಕ್ಕೆ ಅಂಟಿದ ಹೆಸರು ‘ಮಂಕಡಿಂಗ್’. 1947ರ ಡಿಸೆಂಬರ್‌ನಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ವಿನೂ ಮಂಕಡ್ ಆಸ್ಟ್ರೇಲಿಯದ ಬಿಲ್ ಬ್ರೌನ್ ಅವರನ್ನು ಹೀಗೆ ಔಟ್ ಮಾಡಿದರು. ಅದೇ ಪ್ರವಾಸದ ಹಿಂದಿನ ಪಂದ್ಯವೊಂದರಲ್ಲಿ ಎಚ್ಚರಿಕೆ ಕೊಟ್ಟೇ ಔಟ್ ಮಾಡಿದ್ದರು. ಆದರೂ ಬ್ರೌನ್ ಮತ್ತೆ ಮುಂದೆ ಹೋದರು. ಎದುರಾಳಿ ನಾಯಕ ಬ್ರಾಡ್ಮನ್ ಸಹ ಮಂಕಡರ ಪರವೇ ನಿಂತರು.

ಕ್ರೀಸ್ ಬಿಟ್ಟವರು ಬ್ರೌನ್, ಕಳಂಕ ಹೊತ್ತದ್ದು ಮಂಕಡ್ ಮನೆತನದ ಹೆಸರು. ಇದು ಅನ್ಯಾಯವೇ. ಬೇಸ್‌ಬಾಲ್‌ನಲ್ಲಿ ಬೇಸ್ ಬಿಟ್ಟು ಮುಂದೆ ಸರಿದ ಓಟಗಾರನನ್ನು ಪಿಚರ್ ‘ಪಿಕ್‌ಆಫ್’ ಮಾಡಿದರೆ ಅದನ್ನು ಜಾಣ್ಮೆ ಎಂದೇ ಮೆಚ್ಚುತ್ತಾರೆ.

2022ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಇಂಗ್ಲೆಂಡಿನ ಚಾರ್ಲಿ ಡೀನ್ ಅವರನ್ನು ಹೀಗೆಯೇ ರನೌಟ್ ಮಾಡಿದಾಗ ಹಳೆಯ ಗದ್ದಲ ಮತ್ತೆ ಎದ್ದಿತು. ಮರುವಾರವೇ, ಅಕ್ಟೋಬರ್ 1ರಿಂದ, ಮೊದಲೇ ನಿರ್ಧರಿಸಿದ್ದಂತೆ ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿ ಈ ನಿಯಮವನ್ನು ‘ಅನುಚಿತ ಆಟ’ದ 41ನೇ ವಿಧಿಯಿಂದ ‘ರನೌಟ್’ನ 38ನೇ ವಿಧಿಗೆ ಸೇರಿಸಿತು.

ನಿಯಮಪುಸ್ತಕದಲ್ಲಿ ‘ಮಂಕಡಿಂಗ್’ ಎಂಬ ಪದವಿಲ್ಲ. ಕನ್ನಡದ ಕ್ರೀಡಾಪುಟಗಳೂ ‘ನಾನ್‌ಸ್ಟ್ರೈಕರ್ ರನೌಟ್’ ಎಂದೇ ಬರೆಯಲಿ.