ಸರದಿ ಯಾರಿಗೆ?

“ಯಾರಿಗೆ ಹಾಕಿದ್ರೇನ್ರೀ ಅಕ್ಕೋರ, ಅವರ ಬರ್ತಾರಲ್ಲ!” ಚುನಾವಣೆ ಬಂದಾಗ ತುಕ್ಕಾನಟ್ಟಿಯ ಹೆಣ್ಣುಮಕ್ಕಳು ಹೀಗೆನ್ನುವುದುಂಟು. ಈ ಬೇಸರ ಸುಮ್ಮನೆ ಬಂದದ್ದಲ್ಲ. ಗೋಕಾಕದಲ್ಲಿ ರಮೇಶ ಜಾರಕಿಹೊಳಿಯವರು 1999ರಿಂದ ಗೆಲ್ಲುತ್ತಲೇ ಬಂದಿದ್ದಾರೆ. ಶಾಸಕರಿಗೆ ಇಷ್ಟೇ ಸಲ ಎಂದು ಕಟ್ಟು ಹಾಕಿದರೆ ಮತದಾರರು ಎಚ್ಚೆತ್ತಾರೆಂದು ಕೆಲವರ ವಾದ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1990ರಲ್ಲಿ ಹಾಗೆ ಮಾಡಿತು. ಕೆಳಮನೆಯಲ್ಲಿ 6 ವರ್ಷ, ಮೇಲ್ಮನೆಯಲ್ಲಿ 8 ವರ್ಷ, ಅಷ್ಟೇ. ಕೆಲಸ ಕಲಿಯುವಷ್ಟರಲ್ಲಿ ಮನೆಗೆ ಹೊರಡುವ ಹೊತ್ತು. 2012ರಲ್ಲಿ ಅಲ್ಲಿನ ಮತದಾರರೇ ಅದನ್ನು ತಿದ್ದಿ, ಒಟ್ಟು 12 ವರ್ಷವನ್ನು ಒಂದೇ ಮನೆಯಲ್ಲೂ ಕಳೆಯಬಹುದೆಂದರು.

ನಮ್ಮ ಪಕ್ಕದ ಹುಕ್ಕೇರಿಯನ್ನೇ ನೋಡಿ. 1985ರಲ್ಲಿ ಶಾಸಕರಾದ ಉಮೇಶ ಕತ್ತಿಯವರನ್ನು ಜನ 2004ರಲ್ಲಿ ಸೋಲಿಸಿದರು, 2008ರಲ್ಲಿ ಮತ್ತೆ ಕರೆದರು. ಇವರನ್ನು ಅಜ್ಞಾನಿಗಳೆನ್ನಲು ನನಗೆ ಮನಸ್ಸಿಲ್ಲ. ಕತ್ತಿಯವರು 2022ರಲ್ಲಿ ತೀರಿಕೊಂಡ ಮೇಲೆ 2023ರಲ್ಲಿ ಮಗ ನಿಖಿಲ್ ಗೆದ್ದರು. ಕಟ್ಟು ವ್ಯಕ್ತಿಗೆ ಹಾಕಬಹುದು, ಮನೆತನಕ್ಕೆ?

ಆ ಕಟ್ಟು ನಿಜವಾಗಿ ಬಿದ್ದಿರುವುದು ಪಂಚಾಯಿತಿಯ ಹೆಣ್ಣುಮಕ್ಕಳಿಗೆ. ಕಾನೂನಿನಲ್ಲಿ ಹಾಗೆ ಬರೆದಿಲ್ಲ, ನಿಜ. 1993ರ ಕಾಯ್ದೆ ಮೂರನೇ ಒಂದು ಭಾಗ, 2010ರ ತಿದ್ದುಪಡಿ ಅರ್ಧದಷ್ಟು ಸ್ಥಾನ ಕೊಟ್ಟಿತು. ಆದರೆ ಮೀಸಲಾತಿ ಸರದಿಯಂತೆ ತಿರುಗುತ್ತದೆ. ತನ್ನ ಸ್ಥಾನ ಸಾಮಾನ್ಯವಾದಾಗಲೂ ಆಕೆ ನಿಲ್ಲಬಹುದು, ನಿಲ್ಲಿಸುವವರು ಬೇಕಲ್ಲ! ಠರಾವು ಓದಲು, ಲೆಕ್ಕ ಕೇಳಲು ಕಲಿತವಳು ಒಳಮನೆಗೆ, ಸಹಿಯ ಜಾಗ ತೋರಿಸಿಕೊಳ್ಳುವ ಹೊಸಬಳು ಕುರ್ಚಿಗೆ. ನನಗೆ ಗೊತ್ತಿರುವ ಒಬ್ಬ ಮಾಜಿ ಸದಸ್ಯೆ, ನಳ ಕೆಟ್ಟಾಗ ಓಣಿಯವರಿಗೆಲ್ಲ ಇಂದಿಗೂ ಅರ್ಜಿ ಬರೆದುಕೊಡುತ್ತಾಳೆ.